ಕರಾರಿನ 25ನೇ ಕಲಮು

ಬಾಡಿಗೆ ಕರಾರುಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ಎಲ್ಲ ಕಡೆಯೂ ಕಡಿಮೆಯೇ. ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು, ಗೋಡೆಗೆ ಮೊಳೆ ಹೊಡೆಯಬಹುದೋ ಇಲ್ಲವೋ ಎಂದು ನೋಡಿಕೊಂಡು ಸಹಿ ಹಾಕಿಬಿಡುತ್ತೇವೆ. ಆದರೆ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನಲ್ಲಿ 1947ರಲ್ಲಿ ಲೆವಿಟ್‌ಟೌನ್ ಎಂಬ ಬಡಾವಣೆ ಎದ್ದಾಗ, ಅಲ್ಲಿನ ಕರಾರಿನ 25ನೇ ಕಲಮು ಕಣ್ಣು ತಪ್ಪಿಸಿಕೊಳ್ಳುವಂತಿರಲಿಲ್ಲ. ಅದನ್ನು ಇಡಿಯಾಗಿ ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ್ದರು. ಕಕೇಸಿಯನ್ ಜನಾಂಗಕ್ಕೆ ಸೇರದ ಯಾರನ್ನೂ ಬಾಡಿಗೆದಾರನು ಈ ಮನೆಯಲ್ಲಿ ಇರಗೊಡಬಾರದು, ಮನೆಯನ್ನು ಬಳಸಗೊಡಬಾರದು ಎಂಬುದು ಅದರ ತಾತ್ಪರ್ಯ. ಬೆನ್ನಿಗೇ ಒಂದು ವಿನಾಯಿತಿ: ಮನೆಗೆಲಸಕ್ಕೆ ಬೇರೆ ಜನಾಂಗದವರನ್ನು ಇಟ್ಟುಕೊಳ್ಳಬಹುದು. ಕಲಮಿಗಿಂತ ಈ ವಿನಾಯಿತಿಯೇ ನನ್ನನ್ನು ಹೆಚ್ಚು ಕಾಡಿದೆ. ಪಾತ್ರೆ ತೊಳೆಯಲು, ಮಗುವನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲದ ಕೈಗೆ ಆ ಮನೆಯ ಬೀಗದ ಕೈ ಮಾತ್ರ ಸಿಗಕೂಡದು.

ನನ್ನ ಅಕ್ಕನ ಮಗ ಲೆವಿಟ್‌ಟೌನ್ ಪಕ್ಕದ ಹಿಕ್ಸ್‌ವಿಲ್‌ನಲ್ಲಿದ್ದಾನೆ. ಅಲ್ಲಿನ ನಮ್ಮವರಿಗೆಲ್ಲ ಹಿಕ್ಸ್‌ವಿಲ್ ಗೊತ್ತು. ಬ್ರಾಡ್‌ವೇ ರಸ್ತೆಯಲ್ಲಿ ಸೀರೆ ಅಂಗಡಿ, ಮಿಠಾಯಿ ಅಂಗಡಿ, ದೋಸೆ ಹೋಟೆಲು. ಪಟೇಲ್ ಬ್ರದರ್ಸ್ ಹೊಕ್ಕರೆ ನುಗ್ಗೆಕಾಯಿಯಿಂದ ಪುಳಿಯೋಗರೆ ಪುಡಿಯವರೆಗೆ ಎಲ್ಲ ಸಿಗುತ್ತದೆ. ಲೆವಿಟ್ ಕಂಪನಿ ಕಟ್ಟಿದ ಮನೆಗಳಲ್ಲಿ ಕೆಲವು ಹಿಕ್ಸ್‌ವಿಲ್ಲಿನ ಎಲ್ಲೆಯೊಳಗೂ ಬಿದ್ದಿವೆ. ಅಕ್ಕನ ಮಗ ಕೊಂಡದ್ದು ಅಂಥದೊಂದನ್ನು. ಮೈಸೂರಿನಲ್ಲಿ ಇತಿಹಾಸದ ಮೇಷ್ಟರಿಕೆ ಮಾಡಿ ನಿವೃತ್ತಳಾದ ನನಗೆ, ಅಲ್ಲಿಗೆ ಹೋದಾಗ ಸಂಜೆಯ ವಾಕಿಂಗ್ ಎಂದರೆ ಆ ಬೀದಿಗಳೇ.

ಆ ಮನೆಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಎರಡನೇ ಮಹಾಯುದ್ಧ ಮುಗಿಸಿ ಲಕ್ಷಾಂತರ ಸೈನಿಕರು ಊರಿಗೆ ಮರಳಿದಾಗ ಅವರಿಗೆ ಇರಲು ಮನೆಗಳಿರಲಿಲ್ಲ. ಲೆವಿಟ್ ಎಂಬ ತಂದೆ ಮತ್ತು ಇಬ್ಬರು ಮಕ್ಕಳ ಕಂಪನಿ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳನ್ನು ಕೊಂಡು, ಕಾರ್ಖಾನೆಯಲ್ಲಿ ಕಾರು ತಯಾರಿಸುವ ಕ್ರಮವನ್ನು ಮನೆ ಕಟ್ಟುವುದಕ್ಕೆ ತಂದಿತು. ಒಂದು ತಂಡ ಕಾಂಕ್ರೀಟು ಸುರಿದು ಮುಂದಿನ ಸೈಟಿಗೆ ಹೋಗುತ್ತಿತ್ತು. ಹಿಂದೆಯೇ ಬಂದ ತಂಡ ಮರದ ಚೌಕಟ್ಟು ನಿಲ್ಲಿಸುತ್ತಿತ್ತು. ಅದರ ಹಿಂದೆ ಬಣ್ಣದವರು. 1951ರ ಹೊತ್ತಿಗೆ 17,447 ಮನೆಗಳು ಎದ್ದಿದ್ದವು. ನಮ್ಮ ಲೆಕ್ಕದಲ್ಲಿ ಹೇಳಿದರೆ 60×100ರ ಸೈಟು, ಅದರ ನಡುವೆ ಪುಟ್ಟ ಮನೆ. ಬೆಚ್ಚಗಿರಲೆಂದು ನೆಲದ ಕಾಂಕ್ರೀಟಿನೊಳಗೇ ಬಿಸಿನೀರಿನ ಕೊಳವೆ. ಮೇಲೆ ಅಟ್ಟವನ್ನು ಹಾಗೆಯೇ ಬಿಟ್ಟಿರುತ್ತಿದ್ದರು, ಮಕ್ಕಳು ಹೆಚ್ಚಾದಂತೆ ಕೋಣೆ ಮಾಡಿಕೊಳ್ಳಲಿ ಎಂದು. 1949ರ ಮಾದರಿಯ ಬೆಲೆ 7,990 ಡಾಲರ್. ಯುದ್ಧಕ್ಕೆ ಹೋಗಿಬಂದವರು ಕೈಯಿಂದ ಒಂದು ಕಾಸೂ ಮುಂಗಡ ಕೊಡಬೇಕಾಗಿರಲಿಲ್ಲ, ತಿಂಗಳ ಕಂತು 60 ಡಾಲರಿಗಿಂತ ಕಡಿಮೆ. ಸಾಲಕ್ಕೆ ಸರ್ಕಾರದ ಖಾತರಿ. 1950ರಲ್ಲಿ ಬಂದ ಮಾದರಿಯಲ್ಲಂತೂ ಮೆಟ್ಟಿಲಿನ ಪಕ್ಕದ ಗೋಡೆಯಲ್ಲೇ ಒಂದು ಟೆಲಿವಿಷನ್ ಕೂರಿಸಿ ಕೊಟ್ಟರು. ಕ್ಲರ್ಕುಗಳು, ಮೆಕ್ಯಾನಿಕ್ಕುಗಳು, ಸೇಲ್ಸ್‌ಮನ್ನುಗಳು ಜೀವನದಲ್ಲಿ ಮೊದಲ ಬಾರಿಗೆ ಮನೆಯ ಯಜಮಾನರಾದರು. ಸಾಮಾನ್ಯ ಜನರ ಬದುಕು ಒಂದೇ ತಲೆಮಾರಿನಲ್ಲಿ ಹೀಗೆ ಮೇಲೆದ್ದ ಉದಾಹರಣೆಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆ ಬಡಾವಣೆಯಲ್ಲಿ ಬೆಳೆದ ಮಕ್ಕಳಲ್ಲಿ ಬಿಲ್ ಓ'ರೈಲಿಯೂ ಒಬ್ಬರು. 1949ರಲ್ಲಿ ಹುಟ್ಟಿ, ಎಳವೆಯಲ್ಲೇ ಲೆವಿಟ್‌ಟೌನಿಗೆ ಬಂದ ಅವರು ಮುಂದೆ ಫಾಕ್ಸ್ ನ್ಯೂಸ್ ವಾಹಿನಿಯ ಅತಿ ದೊಡ್ಡ ಹೆಸರಾದರು. 2014ರ ಆಗಸ್ಟಿನಲ್ಲಿ ಫರ್ಗ್ಯುಸನ್ ಎಂಬ ಊರಿನಲ್ಲಿ ಕಪ್ಪು ಹುಡುಗನೊಬ್ಬ ಪೊಲೀಸ್ ಗುಂಡಿಗೆ ಸತ್ತು ದೇಶವೆಲ್ಲ ಕುದಿಯುತ್ತಿದ್ದಾಗ, ವೈಟ್ ಪ್ರಿವಿಲೇಜ್ ಎಂಬುದನ್ನು ತಾವು ಒಪ್ಪುವುದಿಲ್ಲವೆಂದು ಅವರು ತಮ್ಮ ಕಾರ್ಯಕ್ರಮದಲ್ಲಿ ಸಾರಿದರು. ಅವರು ಮುಂದಿಟ್ಟ ವಾದ ನಮ್ಮನ್ನು ಕುರಿತದ್ದು: ಬಿಳಿಯರಿಗೆ ವಿಶೇಷ ಸವಲತ್ತು ಇರುವುದೇ ನಿಜವಾದರೆ ಏಷ್ಯಾ ಮೂಲದ ಕುಟುಂಬಗಳ ಆದಾಯ ಬಿಳಿಯರಿಗಿಂತ ಹೆಚ್ಚಿರುವುದು ಹೇಗೆ? ಅದೇ ಅಕ್ಟೋಬರಿನಲ್ಲಿ ಅವರು ಜಾನ್ ಸ್ಟುವರ್ಟ್ ನಡೆಸುತ್ತಿದ್ದ ದಿ ಡೈಲಿ ಶೋ ಎಂಬ ಟೀವಿ ಕಾರ್ಯಕ್ರಮಕ್ಕೆ ಬಂದಾಗ ಈ ಜಗಳ ಮತ್ತೆ ಹೊತ್ತಿಕೊಂಡಿತು. ಶ್ರಮಪಟ್ಟರೆ ಯಾರಾದರೂ ಮೇಲೆ ಬರಬಹುದು ಎಂದು ಓ'ರೈಲಿ, ಹುಟ್ಟಿ ಬೆಳೆದ ಜಾಗ ಲೆಕ್ಕಕ್ಕಿಲ್ಲವೇ ಎಂದು ಸ್ಟುವರ್ಟ್. ನಿಮ್ಮ ಬಾಲ್ಯದ ಲೆವಿಟ್‌ಟೌನಿನಲ್ಲಿ ಕಪ್ಪು ಜನ ಮನೆ ಮಾಡಬಹುದಿತ್ತೇ ಎಂದು ಸ್ಟುವರ್ಟ್ ನೇರವಾಗಿ ಕೇಳಿದರು. ಆಗ ಸಾಧ್ಯವಿರಲಿಲ್ಲ ಎಂದು ಓ'ರೈಲಿ ಒಪ್ಪಿಕೊಂಡರು. ಆದರೆ ಅದು ಹಳೆಯ ಮಾತು ಎಂದರು.

ಆ ಕೆಲವೇ ನಿಮಿಷಗಳ ಮಾತುಕತೆಯನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಓ'ರೈಲಿ ಸುಳ್ಳು ಹೇಳುತ್ತಿಲ್ಲ ಎಂದೇ ನನಗನಿಸುತ್ತದೆ. ಅವರ ತಂದೆ ಲೆಕ್ಕಪತ್ರದ ನೌಕರರು. ಆ ಮನೆಯಲ್ಲಿ ದುಡ್ಡು ಸುರಿಯುತ್ತಿರಲಿಲ್ಲ. ಬೆವರು ಸುರಿಸಿ ಬೆಳೆದವರಿಗೆ ಯಾರಾದರೂ ಬಂದು ‘ನಿನಗೆ ಸವಲತ್ತು ಸಿಕ್ಕಿತ್ತು’ ಎಂದರೆ, ಪಟ್ಟ ಪಾಡನ್ನೆಲ್ಲ ಹುಸಿ ಎಂದಂತೆ ಕೇಳಿಸುತ್ತದೆ. ಅಮೆರಿಕದ ಈ ಚರ್ಚೆ ಎಡವಿ ಬೀಳುವುದು ಇಲ್ಲಿಯೇ. ಎರಡೂ ಕಡೆಯವರು ಅದನ್ನು ಮನುಷ್ಯರ ಗುಣದ ವಿಚಾರಣೆ ಮಾಡಿಕೊಂಡಿದ್ದಾರೆ: ನೀನು ಒಳ್ಳೆಯವನೋ ಕೆಟ್ಟವನೋ, ನಿನ್ನ ಯಶಸ್ಸು ನಿನ್ನದೋ ಅಲ್ಲವೋ. ನನ್ನ ಮಟ್ಟಿಗೆ ಇದು ಗುಣದ ಮಾತೇ ಅಲ್ಲ. ಇದು ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾತು. ಯಾರ ಹೆಸರಿಗೆ ಪತ್ರ ಆಯಿತು, ಯಾರ ಅರ್ಜಿಯನ್ನು ತೆಗೆದುಕೊಳ್ಳಲೇ ಇಲ್ಲ ಎಂಬ ಮಾತು.

ಯೂಜೀನ್ ಬರ್ನೆಟ್ ಎಂಬ ಕಪ್ಪು ಸೈನಿಕರ ಕಥೆ ಸಾಕ್ಷ್ಯಚಿತ್ರಗಳಲ್ಲಿ, ಪತ್ರಿಕೆಗಳಲ್ಲಿ ದಾಖಲಾಗಿದೆ. ಅವರೂ ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದವರು, ಮನೆಸಾಲದ ಅರ್ಹತೆಯೂ ಇತ್ತು. 1949ರಲ್ಲಿ ಜಾಹೀರಾತು ನೋಡಿ ಹೆಂಡತಿಯೊಡನೆ ಲೆವಿಟ್‌ಟೌನಿಗೆ ಹೋದರು. ಮಾದರಿ ಮನೆ ನೋಡಿದರು, ಇಷ್ಟವಾಯಿತು, ಅರ್ಜಿ ಕೇಳಿದರು. ಸೇಲ್ಸ್‌ಮನ್ ಒರಟಾಗಿ ನಡೆದುಕೊಳ್ಳಲಿಲ್ಲ. ತನ್ನದೇನೂ ಇಲ್ಲ, ಮಾಲೀಕರು ನೀಗ್ರೋಗಳಿಗೆ ಮಾರುವ ತೀರ್ಮಾನವನ್ನು ಇನ್ನೂ ಮಾಡಿಲ್ಲ ಎಂದು ವಿನಯದಿಂದಲೇ ಹೇಳಿ ಕಳಿಸಿದ. ಇದಕ್ಕೆ ಒಂದು ವರ್ಷ ಮುಂಚೆ, 1948ರಲ್ಲಿಯೇ, ಇಂಥ ಜನಾಂಗೀಯ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಕಲಮು ಹೋಯಿತು, ನಡಾವಳಿ ಉಳಿಯಿತು. ಲೆವಿಟ್ ಕಂಪನಿ ಒಂಟಿಯಾಗಿಯೂ ಇರಲಿಲ್ಲ. ಸಾಲಕ್ಕೆ ವಿಮೆ ಕೊಡುತ್ತಿದ್ದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ 1938ರ ತನ್ನ ಕೈಪಿಡಿಯಲ್ಲೇ ಜನಾಂಗೀಯ ಷರತ್ತುಗಳನ್ನು ಶಿಫಾರಸು ಮಾಡಿತ್ತು. ಹಾಗೆಂದು ಬಿಳಿಯರೆಲ್ಲ ಇದನ್ನು ಒಪ್ಪಿ ಕೂತಿದ್ದರು ಎನ್ನುವಂತಿಲ್ಲ. ತಮ್ಮ ಅಂಗಳಕ್ಕೆ ಕಪ್ಪು ಮಕ್ಕಳನ್ನು ಆಟಕ್ಕೆ ಕರೆದ ಬಿಳಿಯ ಬಾಡಿಗೆದಾರರೂ ಅಲ್ಲಿದ್ದರು. ಕಂಪನಿ ಅವರ ಕರಾರನ್ನು ನವೀಕರಿಸಲು ಒಪ್ಪಲಿಲ್ಲ. ಬರ್ನೆಟ್ ದಂಪತಿ ಕಡೆಗೆ, ಜನಾಂಗ ನೋಡದೆ ಮಾರುತ್ತಿದ್ದ ನಾರ್ತ್ ಅಮಿಟಿವಿಲ್‌ನ ರೊನೆಕ್ ಪಾರ್ಕ್ ಬಡಾವಣೆಯಲ್ಲಿ ಮನೆ ಕೊಂಡರು.

ಲೆವಿಟ್‌ಟೌನಿನ 7,990 ಡಾಲರಿನ ಆ ಮನೆ ಇವತ್ತು ಆರು ಲಕ್ಷ ಡಾಲರಿಗೆ ಕಡಿಮೆ ಸಿಗುವುದು ಕಷ್ಟ. ನಡುವಿನ ಏಳು ದಶಕಗಳಲ್ಲಿ ಅದನ್ನು ಕೊಂಡವರು ಅದೇ ಮನೆಯ ಮೇಲೆ ಸಾಲ ಎತ್ತಿ ಮಕ್ಕಳನ್ನು ಕಾಲೇಜಿಗೆ ಕಳಿಸಿದರು, ಅಂಗಡಿ ಹಾಕಿದರು, ಕಾಯಿಲೆ ಬಿದ್ದಾಗ ಮಾರಿ ಬದುಕಿಕೊಂಡರು. ಹಾಲನ್ನು ಎಷ್ಟು ಹೊತ್ತು ಕಾಯಿಸಿದರೂ ಹೆಪ್ಪಿಗೆ ಒಂದು ಚಮಚ ಮೊಸರು ಬೇಕು. ಹಾಲು ಕಾಯಿಸುವ ದುಡಿಮೆಯನ್ನು ಬಿಳಿಯ, ಕಪ್ಪು ಎರಡೂ ಮನೆಯವರು ಮಾಡಿದರು. ಹೆಪ್ಪನ್ನು ಸರ್ಕಾರ ಒಂದು ಮನೆಗೆ ಮಾತ್ರ ಕೊಟ್ಟಿತು. 2022ರ ಫೆಡರಲ್ ರಿಸರ್ವ್ ಸಮೀಕ್ಷೆ ತೆಗೆದು ನೋಡಿ. ಬಿಳಿಯ ಕುಟುಂಬಗಳನ್ನೆಲ್ಲ ಆಸ್ತಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಕುಟುಂಬದ ಆಸ್ತಿ 2,85,000 ಡಾಲರ್. ಕಪ್ಪು ಕುಟುಂಬಗಳ ಸಾಲಿನಲ್ಲಿ ನಡುವೆ ನಿಲ್ಲುವ ಕುಟುಂಬದ್ದು 44,900. ಅದು ಹಳೆಯ ಮಾತು ಎಂದು ಓ'ರೈಲಿ ಹೇಳಿದರಲ್ಲ, ಆ ಹಳೆಯ ಮಾತು ಈ ಎರಡು ಅಂಕಿಗಳ ನಡುವೆ ಇನ್ನೂ ಉಸಿರಾಡುತ್ತಿದೆ.

ವೈಟ್ ಪ್ರಿವಿಲೇಜ್ ಎಂಬ ಮಾತು ಕಾಲೇಜುಗಳಿಂದ ಬೀದಿಗೆ ಬಂದದ್ದು ಬಹುಪಾಲು ಪೆಗ್ಗಿ ಮೆಕಿಂಟಾಶ್ ಅವರಿಂದ. ವೆಲ್‌ಸ್ಲಿ ಕಾಲೇಜಿನ ಈ ಬಿಳಿಯ ಮಹಿಳೆ 1988ರಲ್ಲಿ, ತಾನು ಕೇಳದೆಯೇ ತನಗೆ ಸಿಗುವ ಅನುಕೂಲಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ಮೈಬಣ್ಣದ್ದೆಂದು ಅಂಗಡಿಯಲ್ಲಿ ಕೊಡುವ ಬ್ಯಾಂಡೇಜು ತನ್ನ ಮೈಗೆ ಹೊಂದುತ್ತದೆ ಎಂಬುದೂ ಆ ಪಟ್ಟಿಯಲ್ಲಿತ್ತು. ಚಿಕ್ಕ ಸಂಗತಿಯೆಂದು ಅನೇಕರು ತಳ್ಳಿಹಾಕಿದರು. ಬ್ಯಾಂಡ್‌ಏಡ್ ಕಂಪನಿ ಬೇರೆ ಬೇರೆ ಮೈಬಣ್ಣಗಳಿಗೆ ಹೊಂದುವ ಬ್ಯಾಂಡೇಜು ತರುತ್ತೇವೆಂದು ಘೋಷಿಸಿದ್ದು 2020ರ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಮಂಡಿಯ ಕೆಳಗೆ ಸತ್ತ ಮೇಲೆ. ಮೆಕಿಂಟಾಶ್ ಅವರ ಪಟ್ಟಿಯನ್ನು ನಾನು ಗೌರವಿಸುತ್ತೇನೆ. ಆದರೆ ಬ್ಯಾಂಡೇಜಿನಿಂದ ಶುರುವಾದ ಚರ್ಚೆ ಬಹಳ ಸಲ ಬ್ಯಾಂಡೇಜಿನಲ್ಲೇ ನಿಂತುಬಿಡುತ್ತದೆ, ಮನೆಯ ಕಾಗದದವರೆಗೆ ಹೋಗುವುದಿಲ್ಲ ಎಂಬ ಕೊರಗು ನನಗಿದೆ. ಕಂಪನಿಗಳು ನೌಕರರನ್ನು ಕೂರಿಸಿ ಸ್ಲೈಡ್ ತೋರಿಸುವುದು, ಅವರು ತಲೆ ತಗ್ಗಿಸಿ ಕೇಳಿ ಎದ್ದುಹೋಗುವುದು, ಇದರಿಂದ ಒಬ್ಬರಿಗೂ ಸೂರು ಸಿಗಲಿಲ್ಲ. ಅತ್ತ 2020ರ ಸೆಪ್ಟೆಂಬರಿನಲ್ಲಿ ಟ್ರಂಪ್ ಸರ್ಕಾರ ಕೇಂದ್ರದ ಇಲಾಖೆಗಳಲ್ಲಿ ಇಂಥ ತರಬೇತಿಯನ್ನೇ ನಿಲ್ಲಿಸಲು ಆದೇಶ ಹೊರಡಿಸಿತು. ಮುಂದಿನ ಜನವರಿಯಲ್ಲಿ ಅಧಿಕಾರಕ್ಕೆ ಬಂದ ದಿನವೇ ಬೈಡನ್ ಆ ಆದೇಶವನ್ನು ಹಿಂತೆಗೆದುಕೊಂಡರು.

ಸುದ್ದಿಮನೆಗಳ ಮಾತಿಗೆ ಬಂದರೆ ಲೆಕ್ಕ ಇನ್ನೂ ನೋವಿನದು. ಕಾಣೆಯಾದ ಬಿಳಿಯ ಹೆಣ್ಣುಗಳ ಹಿಂದೆಯೇ ಓಡುವ ಅವುಗಳ ಚಾಳಿಯನ್ನು ಗ್ವೆನ್ ಐಫಿಲ್ ಎಂಬ ಕಪ್ಪು ಪತ್ರಕರ್ತೆ 2004ರಲ್ಲೇ ‘ಕಾಣೆಯಾದ ಬಿಳಿಯ ಹೆಣ್ಣಿನ ಕಾಯಿಲೆ’ ಎಂದು ಕರೆದಿದ್ದರು. 2021ರ ಸೆಪ್ಟೆಂಬರಿನಲ್ಲಿ ಪ್ರವಾಸಕ್ಕೆ ಹೋಗಿದ್ದ 22 ವರ್ಷದ ಬಿಳಿಯ ಯುವತಿಯೊಬ್ಬಳು ಕಾಣೆಯಾದಾಗ ಎಲ್ಲ ವಾಹಿನಿಗಳೂ ಹಗಲೂ ರಾತ್ರಿ ಅದನ್ನೇ ಹೇಳಿದವು. ಕೊನೆಗೆ ವಯೋಮಿಂಗ್ ರಾಜ್ಯದಲ್ಲಿ ಆಕೆಯ ದೇಹ ಸಿಕ್ಕಿತು. ಅದೇ ವಯೋಮಿಂಗಿನಲ್ಲಿ 2011ರಿಂದ 2020ರವರೆಗೆ ಕಾಣೆಯಾದರೆಂದು ದಾಖಲಾದ ಮೂಲನಿವಾಸಿಗಳು 710 ಮಂದಿ. ಈ ಅಂಕಿ ಇರುವ ವರದಿ 2021ರ ಆರಂಭದಲ್ಲೇ ಹೊರಬಂದಿತ್ತು. ಅವರಲ್ಲಿ ಬಹಳ ಮಂದಿ ಸಿಕ್ಕರು, ನಿಜ. ಆದರೂ ಅವರಲ್ಲಿ ಯಾರ ಮುಖವನ್ನಾದರೂ ಹಿಕ್ಸ್‌ವಿಲ್ಲಿನ ಒಂದು ಮನೆಯ ಟೀವಿಯಲ್ಲಿ ಒಂದು ಸಂಜೆಯಾದರೂ ತೋರಿಸಿದ್ದರೇ? ಆ ಯುವತಿಯನ್ನು ಹುಡುಕಿದ್ದು ಸರಿ, ಆಕೆಯ ತಾಯಿಯ ಸಂಕಟಕ್ಕೆ ದೇಶ ಮಿಡಿದದ್ದು ಸರಿ. ಆ ಮಿಡಿತ ಪ್ರತಿ ತಾಯಿಗೂ ಸಲ್ಲಬೇಕಾದ ಕನಿಷ್ಠ. ಅದು ಒಬ್ಬರಿಗೆ ಮಾತ್ರ ಸಿಕ್ಕಿಬಿಟ್ಟಾಗ ಸವಲತ್ತಿನಂತೆ ಕಾಣುತ್ತದೆ.

ಇಷ್ಟೆಲ್ಲ ಮಾತು ಅಕ್ಕನ ಮಗನ ಊಟದ ಮೇಜಿನ ಮೇಲೂ ನಡೆಯುತ್ತದೆ. ಅವನ ಮಗಳು ಕಾಲೇಜು ಓದುತ್ತಿದ್ದಾಳೆ, ಲೆವಿಟ್‌ಟೌನಿನ ಕಲಮನ್ನು ನನಗೆ ಮೊದಲು ತೋರಿಸಿದವಳು ಅವಳೇ. ಒಮ್ಮೆ ಅಪ್ಪ-ಮಗಳ ವಾದ ಬಿಸಿಯಾಗಿ, ಅವನು ಚಪಾತಿ ಮುರಿಯುವುದನ್ನು ಬಿಟ್ಟು ನನ್ನ ಕಡೆ ತಿರುಗಿದ.

“ನೀವೇ ಹೇಳಿ ಚಿಕ್ಕಮ್ಮ. ನಾನು ಎರಡು ಸೂಟ್‌ಕೇಸ್ ಹಿಡಿದುಕೊಂಡು ಬಂದವನು. ನಮಗೆ ಯಾರು ಏನು ಕೊಟ್ಟರು? ನಮ್ಮ ಕೈಲಾದದ್ದು ಇವರ ಕೈಲಿ ಯಾಕಾಗಲ್ಲ?”

“ಸೂಟ್‌ಕೇಸಿನಲ್ಲಿ ಏನಿತ್ತಪ್ಪ?” ಎಂದೆ. “ಇಂಜಿನಿಯರಿಂಗ್ ಡಿಗ್ರಿ ಇತ್ತು. ಅದಕ್ಕೆ ಫೀಸು ಕಟ್ಟಿದ್ದು ನಿಮ್ಮಪ್ಪನ ಸಂಬಳ, ಉಳಿದದ್ದು ಕರ್ನಾಟಕದ ತೆರಿಗೆ ಹಣ. ಓದು ಗೊತ್ತಿದ್ದವರನ್ನೇ ಆರಿಸಿ ವೀಸಾ ಕೊಟ್ಟರು. ಆರಿಸಿ ತಂದವರನ್ನು ತೋರಿಸಿ, ಕಟ್ಟಿಹಾಕಿ ತಂದವರ ಮೊಮ್ಮಕ್ಕಳಿಗೆ ಯಾಕಾಗಲಿಲ್ಲ ಅಂತ ಕೇಳಬಹುದಾ?”

ಅವನು ಸುಮ್ಮನಾಗಲಿಲ್ಲ, ಅಷ್ಟು ಸುಲಭಕ್ಕೆ ಸೋಲುವವನಲ್ಲ. ಆದರೂ ನಾನು ಹೇಳಬೇಕೆಂದದ್ದನ್ನು ಹೇಳಿಯೇ ತೀರಿದೆ. ಭಾರತದವರಿಗೆ ಅಮೆರಿಕದ ಬಾಗಿಲು ನಿಜವಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. 1946ರಲ್ಲಿ ಇಡೀ ಭಾರತಕ್ಕೆ ಕೊಟ್ಟಿದ್ದ ಕೋಟಾ ವರ್ಷಕ್ಕೆ 100 ಜನ. ಕಪ್ಪು ಜನ ಸೆಲ್ಮಾದ ಸೇತುವೆಯ ಮೇಲೆ ಲಾಠಿ ತಿಂದು ಮತದ ಹಕ್ಕಿನ ಕಾಯ್ದೆ ಪಡೆದದ್ದು 1965ರ ಆಗಸ್ಟಿನಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ, ಅದೇ ಸಂಸತ್ತು, ಅದೇ ಅಧ್ಯಕ್ಷ ಜಾನ್ಸನ್, ದೇಶ-ಜನಾಂಗ ನೋಡಿ ವಲಸೆ ಕೊಡುವ ಪದ್ಧತಿಯನ್ನು ತೆಗೆದರು. ಕಪ್ಪು ಜನರ ಹೋರಾಟ ಇಲ್ಲದಿದ್ದರೆ ನಮ್ಮವನ ವೀಸಾ ಇಲ್ಲ. ಅವರ ವಿರುದ್ಧದ ಸಾಕ್ಷಿಯಾಗಿ ಕಟಕಟೆ ಹತ್ತುವುದು ನಮಗೆ ಶೋಭಿಸುವುದಿಲ್ಲ.

ನಾವು ಒಮ್ಮೆ ಆ ಕಟಕಟೆ ಹತ್ತಿದ್ದೂ ಇದೆ. ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿನ ಸಿಖ್ಖರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿ ಗೌರವದಿಂದ ಬಿಡುಗಡೆಯಾದವರು. ಆಗ ಹೊರಗಿನಿಂದ ಬಂದವರಲ್ಲಿ ‘ಬಿಳಿಯ ವ್ಯಕ್ತಿ’ಗಳಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ಥಿಂದ್ ಅವರ ಪರವಾದ ವಾದ ಆ ಕಾನೂನೇ ತಪ್ಪು ಎಂಬುದಾಗಿರಲಿಲ್ಲ. ತಾವು ಮೇಲ್ಜಾತಿಯ ಆರ್ಯರು, ಆದ್ದರಿಂದ ಬಿಳಿಯರು ಎಂಬುದಾಗಿತ್ತು. ಮದುವೆಯ ವಿಷಯದಲ್ಲಿ ಅಮೆರಿಕದವನು ನೀಗ್ರೋನನ್ನು ಹೇಗೆ ಕಾಣುತ್ತಾನೋ ಹಾಗೆಯೇ ಮೇಲ್ಜಾತಿಯ ಹಿಂದೂ ಭಾರತದ ಮೂಲನಿವಾಸಿಗಳನ್ನು ಕಾಣುತ್ತಾನೆ ಎಂದು ವಾದಪತ್ರದಲ್ಲೇ ಬರೆದಿತ್ತು. ಅಂದರೆ ಅಸ್ಪೃಶ್ಯತೆಯನ್ನು ಬಿಳಿತನದ ಪುರಾವೆಯಾಗಿ ಕೊಟ್ಟರು. 1923ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಸಾಮಾನ್ಯ ಬಿಳಿಯನ ಕಣ್ಣಿಗೆ ನೀವು ಬಿಳಿಯರಾಗಿ ಕಾಣುವುದಿಲ್ಲ ಎಂದಿತು. ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಂಡರು. ಸ್ಯಾನ್ ಫ್ರಾನ್ಸಿಸ್ಕೊದ ವೈಷ್ಣೋ ದಾಸ್ ಬಗಾಯ್ ಅವರಲ್ಲಿ ಒಬ್ಬರು. 1928ರಲ್ಲಿ ಅವರು ಪ್ರಾಣ ಬಿಟ್ಟರು, ತಾವಾಗಿಯೇ. ಅದಕ್ಕೂ ಹಿಂದೆ ಬಗಾಯ್ ಕುಟುಂಬ ಬರ್ಕ್‌ಲಿಯಲ್ಲಿ ಕೊಂಡ ಮನೆಗೆ ಸಾಮಾನು ತುಂಬಿಕೊಂಡು ಹೋದ ದಿನ, ನೆರೆಹೊರೆಯವರು ಆ ಮನೆಗೆ ಬೀಗ ಜಡಿದಿದ್ದರಂತೆ. ಇವರು ಗೃಹಪ್ರವೇಶ ಮಾಡದೆ ಮರಳಿದರು. ಅವರ ಪತ್ನಿ ಕಲಾ ಬಗಾಯ್ ಹೆಸರನ್ನು ಬರ್ಕ್‌ಲಿ ನಗರ ಈಗ ಒಂದು ರಸ್ತೆಗೆ ಇಟ್ಟಿದೆ.

ಥಿಂದ್ ಕಥೆ ಹೇಳುವಾಗ ನನ್ನ ದನಿ ಏರುವುದು ಅಮೆರಿಕದ ಮೇಲಿನ ಸಿಟ್ಟಿನಿಂದ ಮಾತ್ರವಲ್ಲ. ಮೈಸೂರಿನಲ್ಲಿ ನಾನು ಬಾಡಿಗೆ ಮನೆ ಹುಡುಕುವಾಗ ‘ನೀವು ಯಾವ ಪೈಕಿ’ ಎಂದು ಕೇಳದ ಮಾಲೀಕರಿರಲಿಲ್ಲ, ನನ್ನ ಉತ್ತರ ಕೇಳಿ ಬೀಗದ ಕೈ ಕೊಡದವರೂ ಇರಲಿಲ್ಲ. ನನ್ನ ವಿಭಾಗದಲ್ಲೇ, ನನ್ನಷ್ಟೇ ಸಂಬಳದ, ನನಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದ ದಲಿತ ಸಹೋದ್ಯೋಗಿಗೆ ‘ಮನೆ ನಿನ್ನೆ ತಾನೆ ಹೋಯಿತು’ ಎಂಬ ಉತ್ತರ. ಆ ಮನೆಗಳ ಮುಂದೆ ಟು-ಲೆಟ್ ಬೋರ್ಡು ವಾರಗಟ್ಟಲೆ ತೂಗಾಡುತ್ತಿತ್ತು. ಲೆವಿಟ್‌ಟೌನಿನ ಸೇಲ್ಸ್‌ಮನ್ನಿನ ವಿನಯ ನನಗೆ ಚೆನ್ನಾಗಿ ಗೊತ್ತು.

ಇನ್ನು ಬಡ ಬಿಳಿಯರು. ಕಲ್ಲಿದ್ದಲ ಗಣಿ ಮುಚ್ಚಿ, ಶ್ವಾಸಕೋಶ ಹಾಳಾಗಿ, ಮಗ ನೋವಿನ ಮಾತ್ರೆಯ ಚಟಕ್ಕೆ ಬಿದ್ದ ವೆಸ್ಟ್ ವರ್ಜೀನಿಯಾದ ಒಬ್ಬನಿಗೆ ‘ನೀನು ಸವಲತ್ತುಳ್ಳವನು’ ಎನ್ನುವ ಮಾತು ನನ್ನ ಬಾಯಿಂದ ಬಾರದು. ಕೋಲ್ಗೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಎಚ್ಚರಿಸುತ್ತದೆ. ವೈಟ್ ಪ್ರಿವಿಲೇಜ್ ಬಗ್ಗೆ ಓದಿಸಿದ ಮೇಲೆ ಉದಾರವಾದಿಗಳಿಗೆ ಬಡ ಕಪ್ಪು ಮನುಷ್ಯನ ಮೇಲಿನ ಕನಿಕರ ಹೆಚ್ಚಲಿಲ್ಲ, ಬಡ ಬಿಳಿಯನ ಮೇಲಿನ ಕನಿಕರ ಕಡಿಮೆಯಾಯಿತು. ಬಡವರ ನಡುವೆ ಇನ್ನೊಂದು ಗೋಡೆ ಎದ್ದರೆ ಈ ಚರ್ಚೆಯಿಂದ ಯಾರಿಗೆ ಏನು ಬಂತು? 1969ರಲ್ಲಿ ಷಿಕಾಗೊದ ಬ್ಲ್ಯಾಕ್ ಪ್ಯಾಂಥರ್ ನಾಯಕ ಫ್ರೆಡ್ ಹ್ಯಾಂಪ್ಟನ್, ಗುಡ್ಡಗಾಡಿನಿಂದ ಕೂಲಿಗೆ ಬಂದ ಬಡ ಬಿಳಿಯರ ಯಂಗ್ ಪೇಟ್ರಿಯಟ್ಸ್ ಸಂಘದವರನ್ನು, ಅವರ ಜಾಕೆಟ್ಟಿನ ಮೇಲೆ ಗುಲಾಮಗಿರಿಯ ಪರ ಹೋರಾಡಿದ ಸೈನ್ಯದ ಬಾವುಟ ಹೊಲಿದಿದ್ದರೂ, ಜೊತೆಗೆ ಕೂರಿಸಿಕೊಂಡು ಬಾಡಿಗೆ, ಪೊಲೀಸ್, ಮಕ್ಕಳ ಊಟದ ಮಾತಾಡಿದರು. ಅದೇ ವರ್ಷದ ಡಿಸೆಂಬರ್ 4ರಂದು ಪೊಲೀಸ್ ದಾಳಿಯಲ್ಲಿ ಹ್ಯಾಂಪ್ಟನ್ ಅವರನ್ನು ಕೊಂದರು. ಅವರಿಗೆ 21 ವರ್ಷ. ಟೀವಿಯ ವಾದಗಳನ್ನೆಲ್ಲ ಒಂದು ಕಡೆ ಇಟ್ಟು, ಅವರು ಕೂರಿಸಿದ ಆ ಸಭೆಯನ್ನು ಇನ್ನೊಂದು ಕಡೆ ಇಟ್ಟರೆ ನಾನು ಹೋಗಿ ಕೂರುವುದು ಆ ಸಭೆಯಲ್ಲಿ.

ಮಾಧ್ಯಮ ಬರೀ ಜಗಳವಾಡಿಸುತ್ತದೆ ಎಂದರೂ ತಪ್ಪಾದೀತು. ಲಾಂಗ್ ಐಲೆಂಡಿನದೇ ಪತ್ರಿಕೆ ನ್ಯೂಸ್‌ಡೇ, ಅಭಿಪ್ರಾಯ ಬರೆಯುವುದನ್ನು ಬಿಟ್ಟು, ಮೂರು ವರ್ಷ ಒಂದು ಪರೀಕ್ಷೆ ನಡೆಸಿತು. ಒಂದೇ ಆದಾಯ, ಒಂದೇ ಬಗೆಯ ಮನೆಯ ಬೇಡಿಕೆ ಇರುವ ಇಬ್ಬರನ್ನು, ಒಬ್ಬರು ಬಿಳಿಯರು ಇನ್ನೊಬ್ಬರು ಅಲ್ಲ, ಅದೇ ಏಜೆಂಟರ ಬಳಿಗೆ ಬೇರೆ ಬೇರೆಯಾಗಿ ಕಳಿಸಿತು. ಬಟ್ಟೆಯಲ್ಲಿ ಗುಪ್ತ ಕ್ಯಾಮೆರಾ. ಹೀಗೆ 93 ಏಜೆಂಟರನ್ನು ಪರೀಕ್ಷಿಸಿ 2019ರ ನವೆಂಬರಿನಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಕಪ್ಪು ಪರೀಕ್ಷಕರನ್ನು ಶೇ. 49ರಷ್ಟು ಸಲ ಬಿಳಿಯರಿಗಿಂತ ಬೇರೆಯಾಗಿ ನಡೆಸಿಕೊಂಡಿದ್ದರು. ಹಿಸ್ಪಾನಿಕ್ ಪರೀಕ್ಷಕರನ್ನು ಶೇ. 39, ಏಷ್ಯಾ ಮೂಲದವರನ್ನು ಶೇ. 19. ಇದು ಬಂದ ಮೇಲೆ ನ್ಯೂಯಾರ್ಕ್ ರಾಜ್ಯ ವಿಚಾರಣೆ ನಡೆಸಿ ಕಾನೂನು ಬಿಗಿ ಮಾಡಿತು. ಆ 19ನ್ನು ಓದಿದ ದಿನ ಅಕ್ಕನ ಮಗ ಬಹಳ ಹೊತ್ತು ಮಾತಾಡಲಿಲ್ಲ. ತಾನು ಮನೆ ಹುಡುಕುವಾಗ ಏಜೆಂಟರು ಯಾವ ಯಾವ ಊರುಗಳನ್ನು ತೋರಿಸಲೇ ಇಲ್ಲ ಎಂದು ಆಮೇಲೆ ನಕ್ಷೆ ತೆಗೆದು ನೋಡಿದ.

ಇಂಥ ಜೋಡಿ ಪರೀಕ್ಷೆಗಳನ್ನು ನಡೆಸುವ ಸಂಸ್ಥೆಯೊಂದಕ್ಕೆ ಈಗ ಅವನ ಮಗಳು ಹೆಸರು ಕೊಟ್ಟಿದ್ದಾಳೆ. ಯಾವ ಸಂಸ್ಥೆ ಎಂದು ಹೇಳುವಂತಿಲ್ಲ. ಪರೀಕ್ಷಕರ ಗುರುತು ಬಿಟ್ಟುಕೊಟ್ಟರೆ ಕೆಲಸ ಕೆಡುತ್ತದೆ. ತರಬೇತಿಯಲ್ಲಿ ಮೊದಲು ಕಲಿಸುವುದು, ಕಂಡದ್ದನ್ನು ಕಂಡಷ್ಟೇ, ಆ ದಿನವೇ ಬರೆಯಬೇಕು, ಅನಿಸಿದ್ದನ್ನು ಸೇರಿಸಬಾರದು ಎಂಬುದಂತೆ. “ನಮಗ್ಯಾಕಮ್ಮಾ ಊರ ಉಸಾಬರಿ” ಎಂದು ಅಪ್ಪ ಫೋನಿನಲ್ಲಿ ನನ್ನ ಹತ್ತಿರ ದೂರಿದ. ಅವಳು ಹಿಂದಿನಿಂದ ಫೋನು ಕಸಿದುಕೊಂಡು, “ಅಜ್ಜಿ, ನೀವೇ ಹೇಳಿ ಅವರಿಗೆ” ಎಂದಳು. ಹೋಗಲಿ ಬಿಡು ಎಂದು ನಾನು ಅವನಿಗೆ ಹೇಳಿದೆ. ಕಾರಿನಲ್ಲಿ ಬಿಟ್ಟುಬರುವವನು ನೀನೇ ಆಗಿರಲಿ ಎಂದೂ ಹೇಳಿದೆ. ಮುಂದಿನ ಶನಿವಾರ ಒಂದು ಕಪ್ಪು ಹುಡುಗಿ, ಒಂದು ಬಿಳಿಯ ಹುಡುಗಿ, ಇವಳು, ಮೂವರೂ ಒಂದೇ ಸಂಬಳದ ಲೆಕ್ಕ ಹೇಳಿಕೊಂಡು, ಒಬ್ಬೊಬ್ಬರಾಗಿ, ಒಂದೇ ಮನೆ ಕೇಳಲು ಹೊರಡುತ್ತಾರೆ.